ಎಷ್ಟು ಕೊಟ್ಟಿರಿ ಎಂದು ಶಾಹೀನಾ ಕೇಳಿದ ವರ್ಷ

ಮೊನ್ನೆ ಪರೀಕ್ಷಾ ವೀಕ್ಷಕಿಯಾಗಿ ಶಿಡ್ಲಘಟ್ಟಕ್ಕೆ ಹೋಗಬೇಕಾಯಿತು. ಐದು ವರ್ಷಗಳಿಂದ ಆ ಊರಿನ ಡ್ಯೂಟಿ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಗೌರಿಬಿದನೂರನ್ನೋ ಚಿಕ್ಕಬಳ್ಳಾಪುರವನ್ನೋ ಹಾಕಿಸಿಕೊಳ್ಳುತ್ತಿದ್ದೆ. ಈ ಸಲ ಬದಲಿಗೆ ಯಾರೂ ಸಿಗಲಿಲ್ಲ. ಚಿಂತಾಮಣಿಯಿಂದ ಹೊರಟ ಬಸ್ಸು ಊರೊಳಗೆ ತಿರುಗುತ್ತಿದ್ದಂತೆ ಕಿಟಕಿಯಿಂದ ಬೆಂದ ರೇಷ್ಮೆಹುಳದ ವಾಸನೆ ಬಂತು. ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚಿದ ಮೇಲೆ ಒಳಗೆ ಸತ್ತ ಹುಳ ಉಳಿಯುತ್ತದೆ. ಅದನ್ನು ರಸ್ತೆಯ ಬದಿಯಲ್ಲಿ ಒಣಹಾಕಿರುತ್ತಾರೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಸಾದಲಿ ಕಡೆಯ ಹಳ್ಳಿಯವಳು, ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು. ನನಗೆ ಅದು ಕೆಟ್ಟ ವಾಸನೆಯಲ್ಲ. ಆದರೂ ಬಸ್ಸಿನಿಂದ ಇಳಿದವಳು ಐದು ನಿಮಿಷ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತುಕೊಳ್ಳಬೇಕಾಯಿತು. ಶಾಹೀನಾಳ ನೋಟುಪುಸ್ತಕಕ್ಕೂ ಅದೇ ವಾಸನೆಯಿತ್ತು.

ಶಾಹೀನಾ ನಮ್ಮ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಚಿಂತಾಮಣಿಯಲ್ಲಿ ನಾನು ಪ್ರಾಣಿಶಾಸ್ತ್ರ ಪಾಠ ಮಾಡುವ ಪದವಿ ಕಾಲೇಜು ಅದು. ಅವಳು ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ತಂದೆ ಇಸ್ಮಾಯಿಲ್ ಸಾಬರು ಶಿಡ್ಲಘಟ್ಟದಲ್ಲಿ ರೀಲರ್. ಎಂದರೆ ಮಾರುಕಟ್ಟೆಯಲ್ಲಿ ಗೂಡು ಕೊಂಡು, ಮನೆಯ ಹಿಂದಿನ ಶೆಡ್ಡಿನಲ್ಲಿ ನೂಲು ಬಿಚ್ಚಿಸಿ ಮಾರುವವರು. ನಮ್ಮಪ್ಪ ಗೂಡು ಮಾರಿದವರು, ಅವಳಪ್ಪ ಕೊಂಡವರು. ‘ನಮ್ಮಿಬ್ಬರ ಅಪ್ಪಂದಿರು ಎಷ್ಟು ಸಲ ಬೈದಾಡ್ಕೊಂಡಿದ್ರೋ ಏನೋ ಮೇಡಂ’ ಎಂದು ಅವಳು ನಗುತ್ತಿದ್ದಳು.

ನೂಲು ಬಿಚ್ಚುವ ಹೆಂಗಸರ ಕೈಗಳೇ ಅವಳ ವಿಷಯ. ದಿನವಿಡೀ ಬಿಸಿನೀರಿನಲ್ಲಿ ಬೆರಳಿಟ್ಟು ಎಳೆಯ ತುದಿ ಹುಡುಕುವವರ ಚರ್ಮ ಹೇಗೆ ಬಿರಿಯುತ್ತದೆ, ಆ ಬಿರುಕಿನಲ್ಲಿ ಯಾವ ಶಿಲೀಂಧ್ರ ಕೂರುತ್ತದೆ, ನೀರನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸಿದರೆ ಅದು ಕಡಿಮೆಯಾಗುತ್ತದೆ ಎಂಬುದನ್ನು ನಾಲ್ಕು ವರ್ಷ ಶೆಡ್ಡಿನಿಂದ ಶೆಡ್ಡಿಗೆ ಅಲೆದು ಬರೆದುಕೊಂಡಿದ್ದಳು. ಹಲವರು ಫೋಟೋ ತೆಗೆಯಲು ಬಿಟ್ಟಿರಲಿಲ್ಲ. ‘ನನ್ನ ಕೈ ಫೋಟೋ ಬೇಡ ಕಣಮ್ಮ, ಮಗಳಿಗೆ ಗಂಡು ನೋಡ್ತಾ ಇದೀವಿ’ ಅಂದವರಿದ್ದರು. ಹಾಗಾಗಿ ಒಂದೊಂದು ಕೈಯನ್ನೂ ಪೆನ್ಸಿಲಿನಲ್ಲಿ ಬರೆದು, ಬಿರುಕುಗಳನ್ನು ಅಳತೆಯಿಟ್ಟು ಗುರುತು ಮಾಡಿದ್ದಳು. ನಾನು ಕಂಡ ಅತ್ಯಂತ ಪ್ರಾಮಾಣಿಕವಾದ ಕೆಲಸ ಅದು. ಇಂದಿಗೂ ಹಾಗೆಯೇ ಹೇಳುತ್ತೇನೆ.

ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಅವರ ಶೆಡ್ಡಿನಲ್ಲೇ ಕೆಲಸ ಮಾಡುವ ಜೈತೂನ್ ಬೀ ಎಂಬ, ಶಾಹೀನಾ ಚಿಕ್ಕಮ್ಮನೆಂದೇ ಕರೆಯುವ ವಯಸ್ಸಾದ ಹೆಂಗಸು ನೀರಿನಿಂದ ಕೈ ತೆಗೆಯದೆ ಕೇಳಿದರು:

‘ನಮ್ಮ ಕೈಯೆಲ್ಲಾ ಬರ್ಕೊಂಡು ಹೋಗ್ತೀಯಲ್ಲ, ಎಲ್ಲಿಟ್ಟು ಪೂಜೆ ಮಾಡ್ತೀಯೇ?’

‘ಅಚ್ಚಾಗುತ್ತೆ ಖಾಲಾ. ಫೋನಲ್ಲೇ ಕಾಣ್ಸುತ್ತೆ. ಯಾರ್ ಬೇಕಾದ್ರೂ ನೋಡ್ಬೋದು, ದುಡ್ಡಿಲ್ದೆ.’

‘ದುಡ್ಡಿಲ್ದೆ ಅಂದ್ಮೇಲೆ ಅದ್ರಲ್ಲೇನೋ ಐತೆ’ ಅಂದರು ಜೈತೂನ್ ಬೀ. ಶೆಡ್ಡೆಲ್ಲ ನಕ್ಕಿತು.

ನಮ್ಮ ವಿಶ್ವವಿದ್ಯಾಲಯದ ನಿಯಮದಂತೆ ಪ್ರಬಂಧ ಸಲ್ಲಿಸುವ ಮುನ್ನ ಒಂದು ಲೇಖನವಾದರೂ ಸಂಶೋಧನಾ ಜರ್ನಲಿನಲ್ಲಿ ಸ್ವೀಕೃತವಾಗಿರಬೇಕು. ಶಾಹೀನಾಳ ನೋಂದಣಿಯ ಅವಧಿ ಒಂದು ಸಲ ವಿಸ್ತರಣೆಯಾಗಿ ಆ ವರ್ಷದ ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುವುದಿತ್ತು. ಆ ದಿನ ದಾಟಿದರೆ ನೋಂದಣಿ ರದ್ದು. ನಾಲ್ಕು ವರ್ಷದ ಕೆಲಸಕ್ಕೆ ಪದವಿಯಿಲ್ಲ, ಪದವಿಯಿಲ್ಲದೆ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆಯಿಲ್ಲ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಲೇಖನ ಆಷಾಢದಲ್ಲಿ ಸಿದ್ಧವಾಯಿತು. ಮಳೆಯಿಲ್ಲದ ಬರೀ ಗಾಳಿಯ ತಿಂಗಳು ಅದು. ಸ್ಟಾಫ್ ರೂಮಿನ ಕಿಟಕಿಗೆ ಚಿಲಕವಿಲ್ಲದೆ, ಇಟ್ಟಿಗೆ ಒತ್ತಿಟ್ಟು ಕೂತು ಇಬ್ಬರೂ ಜರ್ನಲ್ಲುಗಳನ್ನು ಹುಡುಕಿದೆವು. ಕೆಲವುಗಳಲ್ಲಿ ಅಚ್ಚು ಹಾಕಿಸಲು ನಮಗೆ ಖರ್ಚಿಲ್ಲ, ಆದರೆ ಓದುವವನು ದುಡ್ಡು ಕೊಡಬೇಕು. ಅಂಥದೊಂದು ಜರ್ನಲಿಗೆ ನಾನು ಎರಡು ವರ್ಷ ಬೇರೆಯವರ ಲೇಖನಗಳನ್ನು ಪುಕ್ಕಟೆಯಾಗಿ ಪರಿಶೀಲಿಸಿ ಕೊಟ್ಟಿದ್ದೆ. ಅಚ್ಚಾದ ಮೇಲೆ ಅವು ನನಗೇ ತೆರೆದುಕೊಳ್ಳುತ್ತಿರಲಿಲ್ಲ. ಇನ್ನು ಕೆಲವು ಓಪನ್ ಆಕ್ಸೆಸ್ ಜರ್ನಲ್ಲುಗಳು. ಅಲ್ಲಿ ಓದುವವರಿಗೆ ಪುಕ್ಕಟೆ, ಬರೆದವರು ಶುಲ್ಕ ಕಟ್ಟಬೇಕು. ಎರಡೂ ಕಡೆ ದುಡ್ಡು ಕೇಳದ, ವಿದ್ವತ್ ಸಂಘಗಳು ನಡೆಸುವ ಜರ್ನಲ್ಲುಗಳೂ ಇವೆ. ಆದರೆ ಅಲ್ಲಿನ ಸರದಿ ಬಹಳ ದೊಡ್ಡದು ಎಂದು ನಾವು ನಂಬಿದ್ದೆವು, ವಿಚಾರಿಸಿರಲಿಲ್ಲ. ಶಾಹೀನಾ ಜೈತೂನ್ ಬೀಗೆ ಮಾತು ಕೊಟ್ಟಿದ್ದಳಲ್ಲ, ಅದಕ್ಕೆ ಹೊಂದುವ ಒಂದು ಓಪನ್ ಆಕ್ಸೆಸ್ ಜರ್ನಲನ್ನು ಆರಿಸಿದಳು. ಅದರ ಜಾಲತಾಣದಲ್ಲಿ ‘ಅಲ್ಪ ಶುಲ್ಕ’ ಎಂದಿತ್ತು. ಎಷ್ಟು ಎಂದಿರಲಿಲ್ಲ.

ಹನ್ನೊಂದನೆಯ ದಿನಕ್ಕೆ ಉತ್ತರ ಬಂತು. ಲೇಖನ ಸ್ವೀಕೃತವಾಗಿದೆ, ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿ ಕಳಿಸಿ, ಶುಲ್ಕ ಎಷ್ಟೆಂದು ಆಮೇಲೆ ತಿಳಿಸಲಾಗುವುದು ಎಂದು ಬರೆದಿದ್ದರು. ಅವಳು ಆ ಹಾಳೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಊಟದ ಹೊತ್ತು. ನಾವು ನಾಲ್ಕೈದು ಜನ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು. ವಾಣಿಜ್ಯಶಾಸ್ತ್ರದ ರೆಡ್ಡಿಯವರನ್ನು ಮೊದಲು ಕೇಳಿದಳು.

‘ಸಾರ್, ನಿಮ್ಮ ಪೇಪರ್‌ಗೆ ಎಷ್ಟು ಕೊಟ್ರಿ?’

ರೆಡ್ಡಿಯವರು ಬಾಯಲ್ಲಿದ್ದ ಮುದ್ದೆ ನುಂಗಿ, ತೆಲುಗು ಬೆರೆಸಿ, ‘ಏಂ ತಲ್ಲೀ, ನಮ್ಮದೆಲ್ಲಾ ಫ್ರೀ. ಟ್ಯಾಲೆಂಟ್ ನೋಡಿ ಅವರೇ ಹಾಕ್ಕೊಂಡ್ರು’ ಅಂದರು. ಎಲ್ಲರೂ ನಕ್ಕರು.

ಅವಳು ನನ್ನ ಕಡೆ ತಿರುಗಿದಳು. ‘ಮೇಡಂ, ನೀವು? ನಿಮ್ಮದು ಎರಡು ಬಂದಿವೆಯಲ್ಲ.’

ನಾನು ‘ನಾನೂ ಏನೂ ಕೊಟ್ಟಿಲ್ಲಮ್ಮ’ ಅಂದೆ.

ಸುಳ್ಳು. ಎರಡಕ್ಕೂ ಕೊಟ್ಟಿದ್ದೆ. ಇಂಥವೇ ಜರ್ನಲ್ಲುಗಳಿಗೆ. ನನ್ನ ಬಡ್ತಿಯ ಕಡತ ಮೇಲಿನ ಕಚೇರಿಯಲ್ಲಿ ಹೋಗುತ್ತ ಬರುತ್ತ ಇತ್ತು, ಆ ಎರಡು ಲೇಖನಗಳು ಅದರಲ್ಲಿದ್ದವು. ನಾಲ್ಕು ಜನರೆದುರು ದುಡ್ಡು ಕೊಟ್ಟೆ ಎಂದರೆ ದುಡ್ಡು ಕೊಟ್ಟೇ ಅಚ್ಚು ಹಾಕಿಸಿದಳು ಎಂದಾಗುತ್ತದೆ. ಒಂದು ಗಳಿಗೆಯೂ ಯೋಚಿಸದೆ ಆ ಮಾತು ಬಾಯಿಂದ ಬಂದಿತು ಎಂಬುದೇ ಈಗ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ರೆಡ್ಡಿಯವರು ಕೊಟ್ಟಿದ್ದರೆಂದು ನನಗೆ ಗೊತ್ತಿತ್ತು. ನಾನು ಕೊಟ್ಟದ್ದು ಅವರಿಗೂ ಗೊತ್ತಿದ್ದಿರಬೇಕು. ಅವರು ಉಪ್ಪಿನಕಾಯಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

‘ಶುಲ್ಕ ಎಷ್ಟು ಅಂತಾನೇ ಹಾಕಿಲ್ಲ ಮೇಡಂ. ಸೈನ್ ಮಾಡ್ಲಾ?’

ಆಗ ನಾನು ಎರಡನೆಯ ತಪ್ಪು ಮಾಡಿದೆ. ಇದು ಗೂಡು ಬೆಳೆದವರ ಮನೆಯವಳು ಮಾತ್ರ ಮಾಡುವಂಥ ತಪ್ಪು. ನಮ್ಮ ಗೂಡಿನ ಮಾರುಕಟ್ಟೆಯ ಪದ್ಧತಿಯೇನೆಂದರೆ, ರೈತ ಗೂಡು ತಂದು ಸುರಿಯುತ್ತಾನೆ, ರೀಲರುಗಳು ಹರಾಜು ಕೂಗುತ್ತಾರೆ, ಎಲ್ಲಕ್ಕಿಂತ ಹೆಚ್ಚಿನ ಬೆಲೆ ಗೊತ್ತಾದ ಮೇಲೂ ರೈತನಿಗೆ ‘ಒಲ್ಲೆ’ ಎನ್ನುವ ಹಕ್ಕಿದೆ. ಬೆಲೆ ಹಿಡಿಸದಿದ್ದರೆ ಗೂಡು ಅವನದೇ. ನಮ್ಮಪ್ಪ ಹಾಗೆ ಒಲ್ಲೆ ಎಂದು ಗೂಡನ್ನು ಮತ್ತೆ ಚೀಲಕ್ಕೆ ತುಂಬಿಸಿಕೊಂಡು, ಗಾಡಿ ಮಾಡಿಕೊಂಡು ಬೇರೆ ಊರಿನ ಮಾರುಕಟ್ಟೆಗೆ ಹೋದದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಬೆಲೆ ಕೇಳಿ ಒಪ್ಪುವವರೆಗೆ ಯಾರೂ ಕಟ್ಟುಬಿದ್ದಿಲ್ಲ ಎಂಬುದು ನನ್ನ ರಕ್ತದಲ್ಲೇ ಇತ್ತು. ಹಾಗಾಗಿ ಅಂದೆ: ‘ಸೈನ್ ಮಾಡು. ಎಷ್ಟು ಅಂತ ಹೇಳ್ಲಿ, ಜಾಸ್ತಿಯಾದ್ರೆ ಬೇಡ ಅಂದ್ರಾಯ್ತು. ಗೂಡು ನಮ್ಮದೇ ತಾನೆ?’

ಅವಳು ರೀಲರನ ಮಗಳು. ಅವಳಿಗೂ ಅದು ಸರಿಯೆನಿಸಿತು. ಇಬ್ಬರೂ ಸಹಿ ಹಾಕಿದೆವು.

ಗೌರಿ ಹಬ್ಬದ ಹಿಂದಿನ ವಾರ ಬಿಲ್ಲು ಬಂತು. ಡಾಲರ್ ಲೆಕ್ಕದಲ್ಲಿತ್ತು. ರೂಪಾಯಿಗೆ ತಿರುಗಿಸಿದರೆ ಅವಳ ಮೂರು ತಿಂಗಳ ಸಂಬಳ. ಆ ಸಂಬಳವೂ ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು. ನಾವು ವಿನಯದಿಂದಲೇ ಪತ್ರ ಬರೆದೆವು. ಲೇಖನವನ್ನು ಪರಿಶೀಲಿಸಿದವರಿಗೆ ನೀವು ಏನೂ ಕೊಡುವುದಿಲ್ಲ, ಅಕ್ಷರ ಜೋಡಿಸಿದ್ದು ನಾವೇ, ಕಾಗದವಿಲ್ಲ, ಅಂಚೆಯಿಲ್ಲ, ಹಾಗಿದ್ದರೆ ಈ ಮೊತ್ತ ಯಾವುದಕ್ಕೆ ಎಷ್ಟು ಹೋಗುತ್ತದೆಂದು ದಯವಿಟ್ಟು ಬಿಡಿಸಿ ತಿಳಿಸಿ ಎಂದು. ಎರಡೇ ಸಾಲಿನ ಉತ್ತರ ಬಂತು. ಶುಲ್ಕವನ್ನು ಮಾರುಕಟ್ಟೆಗೆ ಅನುಗುಣವಾಗಿ ನಿಗದಿ ಮಾಡಲಾಗಿದೆ, ವಿವರ ಕೊಡುವ ಪದ್ಧತಿಯಿಲ್ಲ.

ಆ ಭಾನುವಾರ ಶಿಡ್ಲಘಟ್ಟದ ಅವರ ಮನೆಗೆ ಹೋದೆ. ಇಸ್ಮಾಯಿಲ್ ಸಾಬರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿ ಕೂರಿಸಿದರು. ಮಗಳು ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

‘ಮಾರ್ಕೆಟ್ಟು ಅಂದ್ರಾ? ನಲವತ್ತು ವರ್ಷ ಮಾರ್ಕೆಟ್ಟಲ್ಲೇ ನಿಂತಿದೀನಮ್ಮಾ. ಮಾಲು ತಂದೋನೇ ಮೇಲೆ ದುಡ್ಡು ಕೊಟ್ಟು ಹೋಗೋ ಮಾರ್ಕೆಟ್ಟು ನಾನು ನೋಡಿಲ್ಲ.’

‘ಅಬ್ಬಾ, ಇದು ಗೂಡಲ್ಲ’ ಅಂದಳು ಶಾಹೀನಾ ತಂದೆಗೆ.

‘ಗೂಡಾದ್ರೇನು, ಕಾಗ್ದ ಆದ್ರೇನು? ನಮ್ಮ ತಾತನ ಕಾಲ್ದಲ್ಲಿ ಟವಲ್ ಕೆಳಗೆ ಬೆರಳು ಹಿಡಿದು ರೇಟು ಮಾಡ್ತಿದ್ರಂತೆ. ಪಕ್ಕದೋನಿಗೆ ಎಷ್ಟಕ್ಕೆ ಹೋಯ್ತು ಅಂತ ಗೊತ್ತಾಗ್ಬಾರ್ದು, ಅದಕ್ಕೇ ಟವಲ್ಲು. ನಾವು ರೀಲರ್‌ಗಳು ಮೋಸ ಮಾಡ್ಲಿಲ್ಲ ಅಂತ ಹೇಳಲ್ಲಮ್ಮಾ, ಟವಲ್ ಕೆಳಗೆ ಎಲ್ಲಾರೂ ಮಾಡಿದ್ರು. ಹರಾಜು ಬಯಲಿಗೆ ಬಂದ್ಮೇಲೇನೆ ರೈತ ಮಾತಾಡಕ್ಕೆ ಶುರು ಮಾಡಿದ್ದು.’ ಆಮೇಲೆ ನನ್ನನ್ನೇ ನೇರವಾಗಿ ನೋಡಿ, ‘ನಿಮ್ಮಲ್ಲಿ ಬೇರೆಯೋರು ಎಷ್ಟು ಕೊಡ್ತಾರಂತೆ? ಅದನ್ನ ತಿಳ್ಕೊಂಡ್ರೆ ಚೌಕಾಸಿ ಮಾಡ್ಬೋದಲ್ಲ’ ಅಂದರು.

ನನಗಿಂತ ಮುಂಚೆ ಶಾಹೀನಾ ಉತ್ತರ ಕೊಟ್ಟಳು. ‘ನಮ್ಮ ಕಾಲೇಜಲ್ಲಿ ಯಾರೂ ಕೊಟ್ಟಿಲ್ಲ ಅಬ್ಬಾ.’

ನಾನು ಟೀ ಕುಡಿದೆ.

ಒಲ್ಲೆ ಎಂದು ಬರೆದೆವು. ಆಗ ಒಪ್ಪಂದದ ಏಳನೆಯ ಕಲಮನ್ನು ತೋರಿಸಿದರು. ಸಹಿಯಾದ ಮೇಲೆ ಲೇಖನದ ಹಕ್ಕು ಅವರದು, ಹಿಂತೆಗೆದುಕೊಳ್ಳಬೇಕಾದರೆ ಶುಲ್ಕದ ಅರ್ಧ ಕಟ್ಟಬೇಕು. ನಾನು ಆ ಕಲಮನ್ನು ಓದದೆ ಸಹಿ ಹಾಕಿರಲಿಲ್ಲ. ಓದಿದ್ದೆ. ಯಾರೂ ಅದನ್ನು ನಿಜವಾಗಿ ಕೇಳುವುದಿಲ್ಲ ಎಂದುಕೊಂಡಿದ್ದೆ.

ನಾವು ಕಟ್ಟಲಿಲ್ಲ. ಶಾಹೀನಾ ಲೇಖನವನ್ನು ದುಡ್ಡು ಕೇಳದ, ಒಂದು ಸಂಘದ ಜರ್ನಲಿಗೆ ಕಳಿಸಿದಳು. ಮೊದಲ ಕಡೆ ನಡೆದದ್ದನ್ನು ಪತ್ರದಲ್ಲಿ ಬರೆಯೋಣವೇ ಎಂದು ಕೇಳಿದಳು. ಬೇಡ, ಸುಮ್ಮನೆ ಗೊಂದಲವಾಗುತ್ತದೆ ಎಂದೆ. ಆ ವರ್ಷ ಹಿಂಗಾರು ಜೋರಾಗಿ ಹಿಡಿಯಿತು. ಕೆರೆಗಳು ಕೋಡಿ ಬಿದ್ದವು, ಚಿಂತಾಮಣಿ ರಸ್ತೆ ಎರಡು ಕಡೆ ಕಿತ್ತುಹೋಗಿ ಅವಳು ದಿನವೂ ಒಂದು ಗಂಟೆ ತಡವಾಗಿ, ಸೀರೆಯಂಚು ಕೆಸರಾಗಿ ಬರುತ್ತಿದ್ದಳು. ಆದರೂ ಆ ಎರಡು ತಿಂಗಳು ಅವಳು ಲವಲವಿಕೆಯಿಂದಿದ್ದಳು. ಸಂಘದ ಸಂಪಾದಕರು ಪರಿಶೀಲಕರ ಟಿಪ್ಪಣಿಗಳನ್ನು ಬೇಗನೆ ಕಳಿಸಿದರು. ನಾವು ನಂಬಿದ್ದಷ್ಟು ದೊಡ್ಡ ಸರದಿ ಅಲ್ಲಿರಲೇ ಇಲ್ಲ. ಟಿಪ್ಪಣಿಗಳಲ್ಲಿ ಒಬ್ಬರು ಆ ಪೆನ್ಸಿಲ್ ಚಿತ್ರಗಳನ್ನು ಹೊಗಳಿದ್ದರು. ಅವಳು ಆ ಸಾಲನ್ನು ಫೋನಿನಲ್ಲಿ ಇಟ್ಟುಕೊಂಡು ಎರಡು ಸಲ ನನಗೆ ತೋರಿಸಿದಳು.

ಡಿಸೆಂಬರ್ ಮೊದಲ ವಾರ ಅದೇ ಸಂಪಾದಕರಿಂದ ಪತ್ರ ಬಂತು. ಇದೇ ಶೀರ್ಷಿಕೆ, ಇದೇ ಸಾರಾಂಶ ಇನ್ನೊಂದು ಜರ್ನಲಿನ ಜಾಲತಾಣದಲ್ಲಿ ‘ಸ್ವೀಕೃತ, ಪ್ರಕಟಣೆಯ ಹಂತದಲ್ಲಿ’ ಎಂದು ಕಾಣುತ್ತಿದೆ, ಒಂದೇ ಲೇಖನ ಎರಡು ಕಡೆ ಇರುವಂತಿಲ್ಲ ಎಂದಿತ್ತು. ನಡೆದದ್ದನ್ನು ಆಗ ಬರೆದೆವು. ಆ ಮನುಷ್ಯ ಒಳ್ಳೆಯವರು. ಮೊದಲಿನವರಿಂದ ಬಿಡುಗಡೆ ಪತ್ರ ತಂದುಕೊಟ್ಟರೆ ಅದೇ ದಿನ ಸ್ವೀಕೃತಿ ಪತ್ರ ಕೊಡುತ್ತೇನೆ, ನಿಮ್ಮ ಗಡುವು ನನಗೆ ಅರ್ಥವಾಗುತ್ತದೆ ಎಂದು ಉತ್ತರಿಸಿದರು. ಬಿಡುಗಡೆ ಪತ್ರಕ್ಕೆ ಬೇಕಾದದ್ದು ಆ ಅರ್ಧ ಶುಲ್ಕ. ಅದು ನನ್ನ ಹದಿನೈದು ದಿನದ ಸಂಬಳವೂ ಅಲ್ಲ.

ಚಿಂತಾಮಣಿ ಬಸ್ ನಿಲ್ದಾಣದಲ್ಲಿ, ಸಂಜೆ ಐದರ ಹೊತ್ತಿಗೆ, ಅವಳಿಗೆ ಹೇಳಿದೆ. ‘ಶಾಹೀನಾ, ನಾನು ಕಟ್ತೀನಿ. ಇನ್ನೂ ಇಪ್ಪತ್ತು ದಿನ ಇದೆ.’

ಅವಳು ತಲೆಯಾಡಿಸಿದಳು. ‘ಬೇಡ ಮೇಡಂ.’

‘ಸಾಲ ಅಂದ್ಕೋ. ಕೆಲಸ ಸಿಕ್ಕಮೇಲೆ ಕೊಡು.’

‘ಸಾಲದ ಮಾತಲ್ಲ ಮೇಡಂ. ನೀವು ಒಂದು ಪೈಸೆ ಕೊಡದೆ ಎರಡು ಪೇಪರ್ ಹಾಕಿದೀರ. ರೆಡ್ಡಿ ಸಾರೂ ಹಾಕಿದಾರೆ. ನಾನೊಬ್ಬಳೇ ದುಡ್ಡು ಕೊಟ್ಟು ಮೇಲೆ ಬಂದೋಳು ಆಗ್ಬೇಕಾ? ಸಾಬರ ಹುಡುಗಿ, ದುಡ್ಡು ಚೆಲ್ಲಿ ಡಾಕ್ಟರ್ ಆದ್ಲು ಅಂತ ನಾಳೆ ಯಾರೂ ಅನ್ಬಾರ್ದು. ನನ್ನ ಕೆಲಸ ಚೆನ್ನಾಗಿದ್ರೆ ಅವರೇ ಬಿಡ್ತಾರೆ. ಇನ್ನೊಂದು ಸಲ ಬರೀತೀನಿ.’

ಅವಳ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ‘ಶಿಡ್ಲಘಟ್ಟ, ಚಿಕ್ಕಬಳ್ಳಾಪುರ’ ಎಂದು ಕೂಗುತ್ತಿದ್ದ. ಆ ಬಸ್ಸು ಹೊರಡಲು ಎರಡು ಮೂರು ನಿಮಿಷವಾದರೂ ಇತ್ತು. ‘ನಾನು ಕೊಟ್ಟಿದ್ದೆ ಶಾಹೀನಾ’ ಎನ್ನಲು ಅಷ್ಟು ಹೊತ್ತು ಬೇಕಿರಲಿಲ್ಲ. ನಾನು ಅವಳ ಕೈಚೀಲ ಎತ್ತಿಕೊಟ್ಟೆ. ಹುಷಾರಾಗಿ ಹೋಗು ಅಂದೆ.

ಅವಳು ಮೂರು ಪತ್ರ ಬರೆದಳು. ಮೂರಕ್ಕೂ ಏಳನೆಯ ಕಲಮಿನ ನಕಲು ಬಂತು. ವಿಶ್ವವಿದ್ಯಾಲಯಕ್ಕೆ ಹೋಗಿ ಇನ್ನೊಂದು ತಿಂಗಳು ಕೇಳಿದೆವು. ನಿಯಮದಲ್ಲಿ ಇಲ್ಲ ಎಂದರು. ಡಿಸೆಂಬರ್ ಮೂವತ್ತೊಂದು ಕಾಲೇಜಿನಲ್ಲಿ ಎಂದಿನಂತೆ ಕಳೆಯಿತು. ಅವಳು ಮೂರು ಪಾಠ ಮಾಡಿದಳು, ಹೊಸ ವರ್ಷಕ್ಕೆಂದು ಮಕ್ಕಳು ಕೊಟ್ಟ ಕೇಕು ತಿಂದಳು. ಸಂಕ್ರಾಂತಿಯ ಮಾರನೆಯ ದಿನ ನೋಂದಣಿ ರದ್ದಾದ ಪತ್ರ ಬಂತು.

ಪತ್ರವನ್ನು ಮಾರ್ಗದರ್ಶಿಯ ವಿಳಾಸಕ್ಕೆ ಕಳಿಸಿದ್ದರು. ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಶೆಡ್ಡಿನಲ್ಲಿ ಅವಳು ಅಂದು ರಜೆ ಹಾಕಿದ್ದ ಹೆಂಗಸೊಬ್ಬಳ ಜಾಗದಲ್ಲಿ ಕೂತು ಎಳೆ ಹಿಡಿಯುತ್ತಿದ್ದಳು. ಕೈ ಒರೆಸಿಕೊಂಡು ಓದಿ, ಮಡಿಸಿ, ಕಿಟಕಿಯ ಮೇಲಿಟ್ಟಳು. ಅಳಲಿಲ್ಲ. ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡಿ ವಾಪಸಾಗಿಬಿಡುತ್ತಿದ್ದೆನೇನೋ.

‘ನಾನು ಕೊಟ್ಟಿದ್ದೆ’ ಅಂದೆ.

ಅವಳಿಗೆ ತಕ್ಷಣ ತಿಳಿಯಲಿಲ್ಲ. ‘ಏನು ಮೇಡಂ?’

‘ನನ್ನ ಎರಡು ಪೇಪರಿಗೂ. ದುಡ್ಡು ಕೊಟ್ಟಿದ್ದೆ. ಅವತ್ತು ಎಲ್ಲರೆದುರು ಸುಳ್ಳು ಹೇಳಿದೆ.’

ಜೈತೂನ್ ಬೀ ಚರಕದ ಮೇಲಿಂದ ತಲೆಯೆತ್ತಿದರು. ಶಾಹೀನಾ ಕೇಳಿದಳು:

‘ರೆಡ್ಡಿ ಸಾರು?’

‘ಅವರೂ.’

‘ಮತ್ತೆ ಬಸ್‌ಸ್ಟ್ಯಾಂಡಲ್ಲಿ ಯಾಕೆ ಹೇಳ್ಲಿಲ್ಲ?’

ಅವಳು ಉತ್ತರಕ್ಕೆ ಕಾಯಲಿಲ್ಲ. ‘ಒಂದು ಕೆಲಸ ಮಾಡಿ ಮೇಡಂ’ ಅಂದಳು. ದನಿ ಏರಿಸಲಿಲ್ಲ. ‘ಎಷ್ಟು ಕೊಟ್ರಿ, ಯಾವುದಕ್ಕೆ ಕೊಟ್ರಿ, ಎಲ್ಲಾ ಒಂದು ಹಾಳೆ ಮೇಲೆ ಬರೆದು ಸ್ಟಾಫ್ ರೂಮಲ್ಲಿ ಅಂಟಿಸಿ. ಮುಂದಿನ ವರ್ಷ ನನ್ನ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ.’ ಅಷ್ಟು ಹೇಳಿ ಮತ್ತೆ ನೀರಿಗೆ ಕೈ ಹಾಕಿದಳು.

ಬರೆದೆ. ಅಂಟಿಸುವ ಮೊದಲು ರೆಡ್ಡಿಯವರಿಗೆ ತೋರಿಸಿದೆ. ಅವರು ನಗಲಿಲ್ಲ. ‘ಮೇಡಂ, ಫೈಲು ಸೈನಿಗೆ ಹೋಗಿದೆ. ಈ ಟೈಮಲ್ಲಿ ಇದ್ಯಾಕೆ? ಮಾರ್ಚ್ ಆಗ್ಲಿ ಬಿಡಿ’ ಅಂದರು. ಮಾರ್ಚಿನಲ್ಲಿ ನನಗೆ ಬಡ್ತಿಯಾಯಿತು. ಹಾಳೆ ನನ್ನ ಕಪಾಟಿನಲ್ಲೇ ಉಳಿಯಿತು. ಜೂನ್‌ನಲ್ಲಿ ಶಾಹೀನಾಳ ಜಾಗಕ್ಕೆ ಮಂಡಿಕಲ್ ಕಡೆಯ ಒಬ್ಬಳು ಬಂದಳು. ಎರಡು ವರ್ಷ ಕಳೆದು ಅವಳೂ ಸ್ಟಾಫ್ ರೂಮಿನಲ್ಲಿ ಅದೇ ಪ್ರಶ್ನೆ ಕೇಳಿದಳು. ನನಗೆ ಕ್ಲಾಸಿದೆ ಎಂದು ಎದ್ದು ಹೋದೆ.

ಮೊನ್ನೆ ಪರೀಕ್ಷೆ ಮುಗಿಸಿ ಹೊರಟಾಗ ಇಸ್ಮಾಯಿಲ್ ಸಾಬರ ಬೀದಿಯ ತಿರುವಿನ ತನಕ ಹೋಗಿದ್ದೆ. ಶಾಹೀನಾ ಈಗ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆಂದು ಯಾರೋ ಹೇಳಿದ್ದರು. ಲೇಖನ ಇವತ್ತಿಗೂ ಆ ಜಾಲತಾಣದಲ್ಲಿ ‘ಪ್ರಕಟಣೆಯ ಹಂತದಲ್ಲಿ’ ಎಂದೇ ಇದೆ, ಕೆಳಗೆ ನಮ್ಮಿಬ್ಬರ ಹೆಸರುಗಳಿವೆ. ಬಾಗಿಲು ತಟ್ಟಲಿಲ್ಲ. ಏನು ಹೇಳಿದರೂ ಅವಳು ಕೇಳುವುದು ಒಂದೇ, ಅಂಟಿಸಿದಿರಾ ಎಂದು.

ಮೊದಲನೆಯ ಲೇಖನಕ್ಕೆ ಹದಿನೆಂಟು ಸಾವಿರ ರೂಪಾಯಿ, ನನ್ನ ಸ್ವಂತದ್ದು. ಎರಡನೆಯದಕ್ಕೆ ಇಪ್ಪತ್ತಾರು ಸಾವಿರದ ಐನೂರು, ಕಾಲೇಜಿನ ಸಂಶೋಧನಾ ಅನುದಾನದಿಂದ, ಪುಸ್ತಕ ಖರೀದಿ ಎಂದು ತೋರಿಸಿ. ಎರಡೂ ಸಲ ಲೇಖನವನ್ನು ಯಾರಾದರೂ ಓದಿದರೆಂಬುದಕ್ಕೆ ಗುರುತಿರಲಿಲ್ಲ. ಒಂದು ಕಡೆ ನನ್ನ ಹೆಸರೇ ತಪ್ಪಾಗಿತ್ತು, ಸರಿಪಡಿಸಿ ಎಂದು ಬರೆದೆ, ಅದಕ್ಕೆ ಬೇರೆ ಶುಲ್ಕ ಕೇಳಿದರು, ಬಿಟ್ಟುಬಿಟ್ಟೆ. ದುಡ್ಡು ಯಾವುದಕ್ಕೆ ಹೋಯಿತೆಂದು ನಾನು ಅವರನ್ನು ಕೇಳಲಿಲ್ಲ. ಯಾರಾದರೂ ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ ಎನ್ನುವ ಹಾಗೂ ಇಲ್ಲ. ಇಬ್ಬರು ಕೇಳಿದ್ದರು.